ಹುಳಿ ವಾಸನೆಯ ರೊಟ್ಟಿ

ಮೊದಲು ಅಪ್ಪನ ಅಕ್ಕನೆಂದು, ಆಮೇಲೆ ಗಂಡನ ಅವ್ವನೆಂದು, ಎರಡು ಸಲ ನನಗೆ ಅತ್ತೆಯಾದವಳೇ,

ನೀನು ಒಂದಕ್ಷರ ಕಲಿತವಳಲ್ಲ, ನಾನು ಎರಡನೇ ಇಯತ್ತೆಗೆ ಶಾಲೆ ಬಿಟ್ಟವಳು. ಅಲ್ಲಿ ಓದಿ ಹೇಳುವವರು ಯಾರಾದರೂ ಸಿಕ್ಕಾರು. ಗಟ್ಟಿಯಾಗಿ ಓದಬೇಡಿ ಎಂದು ಅವರಿಗೆ ಹೇಳು. ನಾನು ನಿನಗೆ ಹೇಳಿದ ಸುಳ್ಳು ಇದರಲ್ಲಿದೆ.

ಕೊಟ್ಟಿಗೆಯ ದಿಬ್ಬದಲ್ಲಿ ನೀನು ಕಾಳು ಹೂಳಿಡಲು ಆ ಸಣ್ಣ ಹಗೇವು ತೋಡಿಸಿದ ದಿನ ನೆನಪಿದೆಯೇ? ಊರಬಾಗಿಲ ಅಗಸಿಯ ಹತ್ತಿರ ನಮ್ಮ ದೊಡ್ಡ ಹಗೇವು ಇದ್ದೇ ಇತ್ತು, ವರ್ಷದ ಜೋಳವೆಲ್ಲ ಅದರೊಳಗೆ. ನೀನು ಮಾತ್ರ ಕೇಳಲಿಲ್ಲ. ಗುಂಡಿಗೆ ಸುತ್ತ ಹುಲ್ಲು ಹೊಂದಿಸಿ, ಜೋಳ ಸುರಿಸಿ, ಬಾಯಿಗೆ ಮಣ್ಣು ಮೆತ್ತಿಸಿ, ಮೇಲೆ ಎಮ್ಮೆ ಕಟ್ಟಿಸಿದೆ. ನನ್ನ ಬಾಯಿ ಸುಮ್ಮನಿರುತ್ತದೆಯೇ?

"ಇಷ್ಟ ಸಣ್ಣ ಹಗೇವು ಯಾರಿಗೆ ಅತ್ತಿ, ಇರವಿಗೇನ?"

"ಇರವಿಗೂ ಹೊಟ್ಟಿ ಇರತೈತಲ್ಲ. ನಿನಗಿರೂದು ಬರೇ ಬಾಯಿ," ಅಂದೆ ನೀನು.

ಹೋದ ಬೇಸಿಗೆಯಲ್ಲಿ ಹಾಸಿಗೆ ಹಿಡಿದವಳು ನೀನು ದಿನಾ ಒಂದೇ ಕೇಳುತ್ತಿದ್ದೆ. "ಕೊಟಗ್ಯಾನ ಹಗೇವು ತಗದ್ರೇನ?" ಹಗೇವಿನ ಹಳೆ ಜೋಳದ ರೊಟ್ಟಿಗೆ ಬರುವ ಆ ಹುಳಿ ವಾಸನೆ ನಿನಗೆ ಪ್ರಾಣ, ನನಗೆ ಆಗದು. ಎಮ್ಮೆ ಬಿಚ್ಚಬೇಕು, ಮಣ್ಣು ಅಗೆಯಬೇಕು, ಒಂದು ರೊಟ್ಟಿಗಾಗಿ ಅಷ್ಟು ಯಾರು ಮಾಡುತ್ತಾರೆ? "ಹೂಂ, ತಗದೇವಿ," ಅಂದೆ ನಾನು. ಹೊಸ ಜೋಳದ ರೊಟ್ಟಿ ಹಾಲಿನಲ್ಲಿ ನೆನೆಸಿ ನಿನ್ನ ಬಾಯಿಗಿಟ್ಟೆ. ನೀನು ಬಹಳ ಹೊತ್ತು ಅಗಿದೆ.

"ಹುಳಿ ಇಲ್ಲಲ್ಲವಾ?"

"ನಿನ್ನ ನಾಲಿಗಿ ಸತ್ತೈತಿ ಅತ್ತಿ, ಅದಕ್ಕ ನಾ ಏನ ಮಾಡ್ಲಿ?"

ನೀನು ಜಗಳಕ್ಕೆ ಬರಲಿಲ್ಲ. ನುಂಗಿ, ಗೋಡೆಯ ಕಡೆ ಮುಖ ಮಾಡಿದೆ. ಮೂರನೇ ದಿನ ಹೋಗಿಬಿಟ್ಟೆ. ಒಂದು ಬೈಗುಳವನ್ನಾದರೂ ಬಿಟ್ಟು ಹೋಗಿದ್ದರೆ...

ದೀಪಾವಳಿಯ ಹಣತೆ ತೊಳೆದಿಟ್ಟ ಮೇಲೆ ಮಳೆಗೆ ನಮ್ಮೂರಲ್ಲಿ ಏನು ಕೆಲಸ? ಈ ವರ್ಷ ಚಳಿಯ ಜೊತೆಗೇ ಬಂದು ಕುಳಿತಿತು, ಏಳಲೇ ಇಲ್ಲ. ಗಾಳಿಗೆ ಬಣವೆ ಹಾರಿತು. ಕೊಯ್ದು ಹಾಕಿದ ತೆನೆ ಹೊಲದಲ್ಲೇ ಕಪ್ಪಾಯಿತು. ಹೊಳೆ ವರದೆ ದಂಡೆ ಮೀರಿ ಅಗಸಿಯವರೆಗೆ ಬಂದಳು. ಸವಣೂರಿನ ಸಂತೆಗೆ ದಾರಿ ಇಲ್ಲ, ಯಲವಿಗಿಯಲ್ಲಿರುವ ಮಗಳ ಸುದ್ದಿಯಿಲ್ಲ. ಪಕ್ಕದ ಹುಸೇನಬಿಯ ಗೋಡೆ ಕುಸಿದು, ಅವಳೂ ಅವಳ ಮೂರು ಮಕ್ಕಳೂ ನಮ್ಮ ಪಡಸಾಲೆಗೆ ಬಂದರು. ನಿನ್ನ ಮೊಮ್ಮಗ ಬಸ್ಯಾನ ಹೆಂಡತಿ ನೀಲವ್ವ ಹಸಿ ಬಾಣಂತಿ.

ನೀರು ಸ್ವಲ್ಪ ಇಳಿದಾಗ ಬಸ್ಯಾ ದೊಡ್ಡ ಹಗೇವು ನೋಡಿ ಬಂದ. ಕಾಳು ನೀರು ಕುಡಿದು ಉಬ್ಬಿ, ಬಾಯಿಯ ಮಣ್ಣನ್ನೇ ಎತ್ತಿಹಾಕಿತ್ತು. ನಾತ ಮನೆಯವರೆಗೆ. ಗಡಿಗೆಯಲ್ಲಿ ಉಳಿದದ್ದು ಎರಡು ದಿನದ ಹಿಟ್ಟು. ನೀಲವ್ವ ತನ್ನ ರೊಟ್ಟಿಯಲ್ಲಿ ಅರ್ಧ ಮುರಿದು ಹುಸೇನಬಿಯ ಮಕ್ಕಳಿಗೆ ಕೊಡುವುದನ್ನು ಕಂಡೆ. ಎಳೆಗೂಸು ಹಾಲು ಸಾಲದೆ ಅಳುತ್ತಿತ್ತು. ಆಗ ಕೊಟ್ಟಿಗೆಯಲ್ಲಿ ಎಮ್ಮೆ ಕಾಲು ಬದಲಿಸಿದ ಸಪ್ಪಳ ಕೇಳಿ, ನಿನ್ನ ದನಿ ಕೇಳಿದಂತೆ...

ಎಮ್ಮೆ ಬಿಚ್ಚಿ, ಮಣ್ಣು ಅಗೆದು ನಿನ್ನ ಸಣ್ಣ ಹಗೇವಿನ ಬಾಯಿ ತೆರೆದದ್ದೇ ತಡ, ಬಸ್ಯಾ ಇಳಿಯಲು ಕಾಲು ಬಿಟ್ಟ. ಅವನ ಧೋತರ ಹಿಡಿದು ಎಳೆದೆ.

"ಮೊದಲ ದೀಪ ಇಳಸೋ ಮಂಗ್ಯಾ! ಹಗೇವಿನ ಕಾವಿಗೆ ಉಸಿರ ಕಟ್ಟಿ ಸಾಯಬೇಕಂತ ಮಾಡೀಯೇನ?"

"ಹಸದ ಸಾಯೂದಕಿಂತ ಅದ ಚಲೋ ಬಿಡವಾ," ಅಂದ. ನಿನ್ನ ಮೊಮ್ಮಗನೇ ಸೈ.

ಹಗ್ಗ ಕಟ್ಟಿ ಹಣತೆ ಇಳಿಸಿದೆವು. ಎರಡು ಮೊಳ ಇಳಿಯುವ ಮೊದಲೇ ಆರಿತು. ಹುಸೇನಬಿ ತನ್ನ ಕಂಬಳಿ ತಂದಳು. ಅದನ್ನು ಗುಂಡಿಗೆ ಬಿಡುವುದು, ಎಳೆಯುವುದು, ಒಳಗಿನ ಗಾಳಿ ಹೊರಗೆ ಹಾಕುವುದು. ಮಧ್ಯಾಹ್ನದ ತನಕ ಇಬ್ಬರೂ ಇದನ್ನೇ ಮಾಡಿದೆವು. "ಅಕ್ಕಾ, ನಿಮ್ಮತ್ತಿ ಇದ್ರ ಈಗ ನಮ್ಮಿಬ್ಬರನೂ ಬೈತಿದ್ಳು ನೋಡ್ರಿ," ಅಂದಳು. ಬೈದಿದ್ದರೆ ಎಷ್ಟು ಚೆನ್ನಾಗಿತ್ತು! ಮತ್ತೆ ದೀಪ ಇಳಿಸಿದೆವು. ಕಾಳು ಮುಟ್ಟಿದರೂ ಉರಿಯುತ್ತಿತ್ತು.

ಮೇಲಿನ ಗೇಣು ಕಾಳು ಕಪ್ಪಾಗಿತ್ತು. ಅದರ ಕೆಳಗೆ ಕೈ ಹಾಕಿದ ಬಸ್ಯಾ ಮೇಲೆ ನೋಡಿ ಅಳುತ್ತಾ ನಕ್ಕ. ಒಣಗಿದ, ಕೆಂಪಗಿನ, ನಿನ್ನ ಜೋಳ. ಬೀಸಿದೆ, ಬಡಿದೆ, ಮೊದಲ ರೊಟ್ಟಿ ನೀಲವ್ವನಿಗೆ ಹಾಕಿದೆ. ಅವಳು ಮುರಿದು ಯಾರಿಗೂ ಕೊಡಲಿಲ್ಲ, ಕೊಡುವ ಅಗತ್ಯ ಇರಲಿಲ್ಲ. ಮಳೆ ನಿಂತು ಗಾಡಿ ಓಡುವ ತನಕ ಎರಡು ಮನೆಯವರು ಅದನ್ನೇ ಉಂಡೆವು. ನಿನ್ನ ಮರಿಮೊಮ್ಮಗಳ ಕೆನ್ನೆ ಈಗ ಹಿಡಿಯುವಂತಾಗಿದೆ. ನಿನ್ನ ಹೆಸರೇ ಇಟ್ಟಿದ್ದೇವೆ. ಬೈಯಲು ನನಗೆ ಒಂದು ಹೆಸರು ಬೇಕಲ್ಲ?

ಹಗೇವು ತೆಗೆದೆವು ಅತ್ತೆ, ಈ ಸಲ ನಿಜವಾಗಿ. ಬರುವ ಸುಗ್ಗಿಗೆ ಅಲ್ಲೇ ಮತ್ತೆ ತುಂಬಿಸುತ್ತೇನೆ, ಎಮ್ಮೆಯನ್ನೂ ಅಲ್ಲೇ ಕಟ್ಟುತ್ತೇನೆ. ಆ ಮೊದಲ ದಿನ ಎಲ್ಲರ ಊಟವಾದ ಮೇಲೆ ಒಲೆಯ ಮುಂದೆ ಕುಳಿತು ನಾನೂ ಒಂದು ತುತ್ತು ಬಾಯಿಗಿಟ್ಟೆ. ಬಹಳ ಹೊತ್ತು ಅಗಿದೆ.

ಹುಳಿ ಇತ್ತು. ನಿನ್ನ ನಾಲಿಗೆ ಸತ್ತಿರಲಿಲ್ಲ.