ಕೊಳ್ಳಬಹುದು ಎಂದು ಬರೆದಿದ್ದೇನೆ

ಗುರುವಾರ, ಮಾರ್ಚ್ ಹದಿನಾಲ್ಕು

ಪ್ರೀತಿಯ ಡಬ್ಬಣ್ಣ,

ಚೆನ್ನಾಗಿದ್ದೀಯಾ? ನಿನ್ನ ಹೆಂಡತಿಯ ಮಂಡಿನೋವು ಹೇಗಿದೆ? ನಿನ್ನ ಕಾಗದ ಬಂದು ಮೂರು ವಾರವಾಯಿತು. ಬರೆದ ಮರುದಿನದಿಂದಲೇ ಅಂಚೆಯವನ ದಾರಿ ಕಾಯುವವನು ನೀನು ಎಂದು ಗೊತ್ತಿದ್ದೂ ಉತ್ತರ ಹಾಕಲಿಲ್ಲ. ಕೆಲಸ ಜಾಸ್ತಿ ಇತ್ತು, ನೆಗಡಿ ಬಂದಿತ್ತು ಎಂದೆಲ್ಲ ಬರೆದು ನಾಲ್ಕು ಹಾಳೆ ಹರಿದು ಹಾಕಿದೆ. ನೆಗಡಿ ಬಂದದ್ದು ನಿಜ. ಆದರೆ ನೆಗಡಿಗೆ ಮೂಗು ಸೋರುತ್ತದೆಯೇ ಹೊರತು ಕೈ ನಿಲ್ಲುವುದಿಲ್ಲ. ಕ್ಷಮಿಸು.

ಒಂದು ಫ್ಯಾನು ಕೊಳ್ಳುವುದಕ್ಕೂ ಅಕ್ಕನನ್ನು ಕೇಳುವ ಪೈಕಿ ನೀನು. ಈ ಸಲ ಕೇಳಿದ್ದೀಯ: “ನಮ್ಮ ಹಳೇ ರಾಕ್ ಬ್ಯಾಂಡ್ ಮೇಲೆ ಸಾಕ್ಷ್ಯಚಿತ್ರ ಬಂದಿದೆಯಂತೆ, ಎರಡು ಡಿಸ್ಕಿನ ಪೆಟ್ಟಿಗೆ. ನಿಮ್ಮ ಲೈಬ್ರರಿಗೆ ಬಂದ್ರೆ ನೋಡಿ ಹೇಳು ಅಕ್ಕ, ಕೊಳ್ಳೋಕೆ ಯೋಗ್ಯವಾ? ನನ್ನ ಮುಖ ಒಂದು ನಿಮಿಷ ಇದ್ರೂ ಕೊಳ್ತೀನಿ. ಇಲ್ಲದಿದ್ರೆ ಆ ಕಳ್ಳರ ಮೋರೆ ನೋಡಿ ನನಗೇನಾಗ್ಬೇಕು?” ಮೂವತ್ತು ವರ್ಷವಾದರೂ ನಿನಗೆ ಅವರು ಕಳ್ಳರೇ. ಮೊದಲ ರೆಕಾರ್ಡಿಂಗ್ ಸಿಕ್ಕಿದ ಕೂಡಲೇ ಒಂದು ಮಾತೂ ಹೇಳದೆ ನಿನ್ನನ್ನು ಬಿಟ್ಟು, ಬೇರೆ ಡ್ರಮ್ಮರ್‌ನನ್ನು ಕಟ್ಟಿಕೊಂಡು ಹೋದರು ಎಂದು ನೀನೂ ನಂಬಿದ್ದೆ, ನಾವೂ ನಂಬಿದ್ದೆವು. ನಾನಂತೂ ಅವರಿಗೆ ಹಾಕಿದ ಶಾಪ ಅಷ್ಟಿಷ್ಟಲ್ಲ.

ಪೆಟ್ಟಿಗೆ ಬಂತು. ನಮ್ಮಲ್ಲಿಯ ಪದ್ಧತಿ ನಿನಗೆ ಗೊತ್ತು. ಮಾರುವವರು ಮಾದರಿ ಕಳಿಸುತ್ತಾರೆ, ನಮ್ಮಲ್ಲೊಬ್ಬರು ಪರದೆಯ ಮೇಲೆ ಕೊನೆಯ ಹೆಸರು ಸರಿದುಹೋಗುವವರೆಗೂ ಕೂತು ನೋಡಿ ಅಭಿಪ್ರಾಯದ ಚೀಟಿ ತುಂಬಬೇಕು: ಕೊಳ್ಳಬಹುದು, ಅಥವಾ ಬೇಡ. ಕೆಳಗೆ ಮೂರು ಸಾಲು ಕಾರಣ. ಹೊಸದಾಗಿ ಸೇರಿದ ಸಹಾಯಕಿ ನಗುತ್ತಾಳೆ. “ಮೇಡಂ, ಅನ್ನ ಬೆಂದಿದೆಯಾ ಅಂತ ನೋಡೋಕೆ ಒಂದಗುಳು ಸಾಲ್ದಾ? ಹತ್ತು ನಿಮಿಷ ನೋಡಿ ಬರೆದುಬಿಡಿ.” ಇಪ್ಪತ್ತಾರು ವರ್ಷದಲ್ಲಿ ಒಂದು ಚೀಟಿಯನ್ನೂ ಪೂರ್ತಿ ನೋಡದೆ ಬರೆದವಳಲ್ಲ ನಾನು ಎಂದು ಅವಳಿಗೆ ಜಂಬ ಕೊಚ್ಚಿಕೊಂಡು ಒಳಗೆ ಹೋದೆ. ಅವಳ ಮಾತು ಕೇಳಿದ್ದರೆ ಬದುಕುತ್ತಿದ್ದೆ.

ಪುಸ್ತಕಕ್ಕೆ ರಟ್ಟು ಕಟ್ಟುವ ಕೋಣೆಯ ಹಿಂದೆ ಒಂದು ಗೂಡಿನಂಥ ಜಾಗವಿದೆ, ಸದಾ ಅಂಟಿನ ವಾಸನೆ. ಒಂದು ಟೀವಿ, ಒಂದು ಕುರ್ಚಿ, ಒಂದೇ ಕಿವಿಗೆ ಕೇಳಿಸುವ ಹೆಡ್‌ಫೋನು. ಟೀ ಲೋಟ ತೊಡೆಯ ಮೇಲಿಟ್ಟುಕೊಂಡು ಕೂತೆ. ಹಾಡುಗಾರನ ತಲೆ ಪೂರ್ತಿ ಬೋಳು. ಗಿಟಾರಿನವನಿಗೆ ಹೊಟ್ಟೆ ಎಷ್ಟು ಬಂದಿದೆಯೆಂದರೆ ಗಿಟಾರು ಅದರ ಮೇಲೆ ಮಲಗಿದೆ. ಸರಿಯಾಗಿದೆ, ನನ್ನ ಶಾಪ ತಟ್ಟಿದೆ ಎಂದು ಖುಷಿಪಟ್ಟೆ. ಅಷ್ಟರಲ್ಲಿ ನೀವು ಭಾನುವಾರ ಅಭ್ಯಾಸ ಮಾಡುತ್ತಿದ್ದ, ಪ್ರಿಂಟಿಂಗ್ ಪ್ರೆಸ್ಸಿನ ಹಿಂದಿನ ಆ ತಗಡಿನ ಶೆಡ್ಡು ಬಂತು, ನೀನು ಬಂದೆ.

ಹನ್ನೊಂದು ಸೆಕೆಂಡು, ಡಬ್ಬಣ್ಣ. ನಿಲ್ಲಿಸಿ, ಹಿಂದೆ ಓಡಿಸಿ ಎಣಿಸಿದ್ದೇನೆ. ನಾಲಿಗೆಯ ತುದಿ ತುಟಿಯ ಮೂಲೆಯಲ್ಲಿ, ಈಗ ಹೊಲಿಗೆ ಯಂತ್ರದ ಸೂಜಿಗೆ ದಾರ ಪೋಣಿಸುವಾಗ ಇರುತ್ತದಲ್ಲ, ಹಾಗೇ. ಅಡುಗೆಮನೆಯ ಡಬ್ಬ ಬಡಿದು ಅಮ್ಮನಿಂದ ಈ ಹೆಸರು ಸಂಪಾದಿಸಿದ ಹುಡುಗ ಅಲ್ಲಿ ಕಣ್ಣು ಮುಚ್ಚಿಕೊಂಡು ಬಾರಿಸುತ್ತಿದ್ದಾನೆ, ಉಳಿದ ಮೂವರೂ ವಾದ್ಯ ನಿಲ್ಲಿಸಿ ಅವನನ್ನೇ ನೋಡುತ್ತಿದ್ದಾರೆ. ನಿನಗೆ ಇಷ್ಟು ಚೆನ್ನಾಗಿ ಬಾರಿಸಲು ಬರುತ್ತಿತ್ತೆಂದು ನನಗೆ ಗೊತ್ತೇ ಇರಲಿಲ್ಲ. ಮನೆಯಲ್ಲಿ ಅದು ಬರೀ ಗಲಾಟೆಯಾಗಿತ್ತು.

ಅದಾದ ಮೇಲೆ ಹಾಡುಗಾರ ಹೇಳಿದ್ದನ್ನು ಕೇಳು. “ಇವನಷ್ಟು ಚೆನ್ನಾಗಿ ಬಾರಿಸೋನು ನಮಗೆ ಮತ್ತೆ ಸಿಗಲೇ ಇಲ್ಲ. ರೆಕಾರ್ಡಿಂಗ್ ಗುರುವಾರ ಅಂತ ಗೊತ್ತಾದ ತಕ್ಷಣ ಪ್ರೆಸ್ಸಿನಿಂದ ಅವನ ಮನೆಗೆ ಫೋನ್ ಮಾಡಿದೆ. ಯಾರೋ ಎತ್ತಿ, ‘ಅವನು ಡ್ರಮ್ಸ್ ಮಾರಿ ಆಯ್ತು, ಇನ್ನು ಈ ಮನೆಗೆ ಫೋನ್ ಮಾಡ್ಬೇಡಿ’ ಅಂದ್ರು. ಆದ್ರೂ ಗುರುವಾರ ಸ್ಟುಡಿಯೋ ಬಾಗಿಲಲ್ಲಿ ಕಾದ್ವಿ, ಬರ್ತಾನೇನೋ ಅಂತ. ಬರಲಿಲ್ಲ. ಅವನೇ ನಮ್ಮನ್ನ ಬಿಟ್ಟುಹೋದ ಅಂದ್ಕೊಂಡ್ವಿ.”

ಟೀ ಲೋಟ ಉರುಳಿ ಸೀರೆಯೆಲ್ಲ ತೊಯ್ದರೂ ಬಿಸಿ ಗೊತ್ತಾಗಲಿಲ್ಲ. ಟೀವಿಯಲ್ಲಿ ಅವನ ಬಾಯಿ ಆಡುತ್ತಲೇ ಇತ್ತು, ನನಗೆ ಒಂದಕ್ಷರ ಕೇಳಿಸಲಿಲ್ಲ. ರಟ್ಟು ಕಟ್ಟುವ ಮುದುಕಪ್ಪ ಬಾಗಿಲಲ್ಲಿ ಇಣುಕಿ, “ಏನಮ್ಮಾ, ಮುಖದಲ್ಲಿ ರಕ್ತವೇ ಇಲ್ಲ, ಯಾರಾದ್ರೂ ಸತ್ರಾ?” ಎಂದು ಕೇಳಿದರು. ಇಲ್ಲ ಎಂದೆ. ಆ ಉತ್ತರ ಸರಿಯೋ ತಪ್ಪೋ ಈಗಲೂ ಗೊತ್ತಿಲ್ಲ.

ಮೂವತ್ತು ವರ್ಷ ಅವರು ನಿನ್ನನ್ನು ಬೈದುಕೊಂಡರು, ನೀನು ಅವರನ್ನು. ಭಾನುವಾರ ಶೆಡ್ಡಿಗೆ ಹೋಗಿ ಬೀಗ ನೋಡಿ ಬಂದ ನಿನ್ನ ಮುಖ ನನಗೆ ನೆನಪಿದೆ. ಎರಡು ದಿನ ನೀನು ಊಟ ಬಿಟ್ಟಿದ್ದೆ. ಅವರ ಮನೆ ಬಾಗಿಲಿಗೆ ಹೋಗಿ ಕೇಳೋ ಎಂದು ಅಮ್ಮ ಎಷ್ಟು ಹೇಳಿದರೂ, “ಬೇಡ ಅಂದೋರ ಹತ್ರ ನಾನ್ಯಾಕೆ ಹೋಗ್ಲಿ?” ಎಂದು ಹಟ ಹಿಡಿದೆ. ಯಾರೂ ಬೇಡ ಅಂದಿರಲಿಲ್ಲ ಕಣೋ.

ಈ ಮಾತು ಓದುವಾಗ ನಿನಗೆ ಅಪ್ಪನ ಮೇಲೆ ಅನುಮಾನ ಬಂದಿರುತ್ತದೆ. ಡ್ರಮ್ಸ್ ಕಂಡರೆ ಅವರಿಗಾಗುತ್ತಿರಲಿಲ್ಲ, ನಿಜ. ಆದರೆ ಅಪ್ಪನನ್ನು ಬೈಯಬೇಡ.

ಮೊದಲು ಚೀಟಿಯಲ್ಲಿ “ಬೇಡ” ಎಂದು ಬರೆದೆ. ಕಾರಣ: ಧ್ವನಿ ಸ್ಪಷ್ಟವಿಲ್ಲ. ಧ್ವನಿ ಗಾಜಿನಷ್ಟು ಸ್ಪಷ್ಟವಾಗಿತ್ತು! ನಿನಗೂ ಅದನ್ನೇ ಬರೆದುಬಿಡೋಣ, ನೀನು ಅದರಲ್ಲಿ ಇಲ್ಲವೇ ಇಲ್ಲ, ದುಡ್ಡು ದಂಡ ಎಂದು. ಅಕ್ಕ ಹೇಳಿದ ಮೇಲೆ ನೀನು ಮರುಮಾತಾಡುವವನಲ್ಲ. ಅದೇ ನನ್ನನ್ನು ಕೊಂದದ್ದು. ನಮ್ಮ ಮುಖ್ಯಸ್ಥರು ಚೀಟಿ ನೋಡಿ, “ಏನಿದು, ನಿಮ್ಮ ಅಕ್ಷರವೇ ಅಲ್ಲ ಅನ್ನೋ ಹಾಗಿದೆ, ಹುಷಾರಿಲ್ವಾ?” ಎಂದರು. ಕೊಡಿ ಎಂದು ವಾಪಸು ಇಸಿದುಕೊಂಡು ಅವರ ಎದುರಿಗೇ ಹರಿದೆ. ಬೇರೆ ಚೀಟಿಯಲ್ಲಿ “ಕೊಳ್ಳಬಹುದು” ಎಂದು ಬರೆದೆ. ಕಾರಣಕ್ಕೆ ಮೂರು ಸಾಲು ತುಂಬಲಿಲ್ಲ. “ಇದರಲ್ಲಿರುವುದು ನಿಜ” ಎಂದಷ್ಟೇ ಬರೆದು ಸಹಿ ಹಾಕಿದೆ.

ನಿನಗೂ ಅದೇ ಉತ್ತರ. ಕೊಳ್ಳು. ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ನೋಡು. ಅವಳ ಅಪ್ಪ ಎಂಥವನಾಗಿದ್ದ ಎಂದು ಹನ್ನೊಂದು ಸೆಕೆಂಡಾದರೂ ಅವಳಿಗೆ ಗೊತ್ತಾಗಲಿ. ಅವಳಿಗೆ ಈ ಅತ್ತೆಯ ಮುತ್ತು. ನೂರು ಕಾಲ ಸುಖವಾಗಿರು, ನಿನ್ನ ಕೈಗೆ ಯಾವ ನೋವೂ ಬರದಿರಲಿ.

ನಿನ್ನ
ಅಕ್ಕ

ತಾ.ಕ.: ಹಾಡುಗಾರನ ಮಾತಿನಲ್ಲಿ ಒಂದು ಪದ ನಾನು ತಿದ್ದಿದ್ದೇನೆ. ಡಿಸ್ಕು ಹಾಕಿದರೆ ನಿನಗೆ ಹೇಗೂ ಕೇಳಿಸುತ್ತದೆ, ಅದಕ್ಕೆ ಮೊದಲು ನಾನೇ ಹೇಳಬೇಕು. ಅವನು “ಯಾರೋ” ಎನ್ನಲಿಲ್ಲ. “ಅವನ ಅಕ್ಕ ಎತ್ತಿದ್ರು” ಎಂದ. ಆ ದಿನ ನೀನು ಅಂಚೆ ಕಚೇರಿಗೆ ಹೋಗಿದ್ದೆ. ಲೈಬ್ರರಿ ಕೋರ್ಸಿನ ಮೊದಲ ಪರೀಕ್ಷೆ ಹತ್ತಿರವಿತ್ತು, ಬೆಳಗಿನಿಂದ ನಿನ್ನ ಸದ್ದಿಗೆ ನನ್ನ ತಲೆ ಸಿಡಿಯುತ್ತಿತ್ತು. ಭಾನುವಾರದ ಅಭ್ಯಾಸಕ್ಕೆ ಕರೆಯುತ್ತಿದ್ದಾನೆ ಎಂದುಕೊಂಡೆ. ಅವರು ಕರೆಯದಿದ್ದರೆ ನೀನೂ ಅದಕ್ಕಾಗಿ ಮನೆಯಲ್ಲಿ ಬಡಿಯುವುದು ಬಿಡುತ್ತೀಯ, ಒಂದು ವಾರವಾದರೂ ಪೀಡೆ ತೊಲಗಲಿ ಎಂದು, ಅವನಿಗೆ ಬಾಯಿ ಬಿಡಲೂ ಅವಕಾಶ ಕೊಡದೆ ಬಾಯಿಗೆ ಬಂದದ್ದು ಅಂದು ಫೋನಿಟ್ಟೆ. ಸಂಜೆಯೊಳಗೆ ಮರೆತೂ ಬಿಟ್ಟೆ. ಆ ಗೂಡಿನಲ್ಲಿ ನನ್ನ ಮಾತು ನನಗೇ ಕೇಳಿಸುವವರೆಗೂ ನೆನಪಿರಲಿಲ್ಲ.

ಮಾರಿ ಆಯ್ತು ಎಂದು ನಾನು ಹೇಳುವಾಗ ಡ್ರಮ್ಸ್ ನಿನ್ನ ಕೋಣೆಯಲ್ಲೇ ಇದ್ದವು. ನೀನು ನಿಜವಾಗಿ ಮಾರಿದ್ದು ರೇಡಿಯೋದಲ್ಲಿ ಅವರ ಹಾಡು ಕೇಳಿದ ಮೇಲೆ. ಅವತ್ತು ಖಾಲಿ ಕೋಣೆ ಗುಡಿಸಿ, ನನ್ನ ಮೇಜನ್ನು ಒಬ್ಬನೇ ಎತ್ತಿ ತಂದು ಕಿಟಕಿಯ ಪಕ್ಕ ಇಟ್ಟು, “ಅಕ್ಕ, ಇನ್ಮೇಲೆ ಇಲ್ಲೇ ಆರಾಮಾಗಿ ಓದ್ಕೋ, ಸದ್ದು ಇರಲ್ಲ” ಎಂದಿದ್ದೆ.

ನಾನು ಆರಾಮಾಗಿಯೇ ಓದಿದೆ, ಡಬ್ಬಣ್ಣ. ಮೊದಲ ದರ್ಜೆಯಲ್ಲಿ ಪಾಸಾದೆ.