ಆ ಮನೆಯ ಎರಡನೇ ಸಂಪಾದನೆ

ರೂಮಿನ ಹೊರಗಿನ ಮೆಟ್ಟಿಲು, ಭಾನುವಾರ ರಾತ್ರಿ

ಅಕ್ಕಾ, ನನ್ನ ಮುದ್ದು ಅಕ್ಕಯ್ಯಾ,

ಹೇಗಿದೀಯೇ? ಜ್ವರ ಬಿಡ್ತಾ? ಅಮ್ಮನ ಮನೇಲಾದ್ರೂ ಕಾಲು ಚಾಚಿ ಮಲಗಿದೀಯಾ, ಇಲ್ಲಾ ಅಲ್ಲೂ ಪಾತ್ರೆ ಉಜ್ಜೋಕೆ ಕೂತ್ಯಾ? ನಿನ್ನ ಫೋನಿಗೆ ಕಳಿಸಿದ್ರೆ ಭಾವ ಸ್ಪೀಕರಿಗೆ ಹಾಕಿ ಇಡೀ ಮನೆಗೆ ಕೇಳಿಸ್ತಾರೆ, ಅದಕ್ಕೇ ಅಮ್ಮನ ಫೋನಿಗೆ ಮಾತಾಡಿ ಕಳಿಸ್ತಿದೀನಿ. ನಾನು ಆರಾಮಾಗಿದೀನಿ. ಒಳಗೆ ನನ್ನ ರೂಮ್‌ಮೇಟ್ ಡ್ರೈವರಣ್ಣನ ಗೊರಕೆಗೆ ಕಿಟಕಿ ಅದುರ್ತಿದೆ. ಆದ್ರೆ ನಿದ್ದೆ ಬರದಿರೋದು ಅದಕ್ಕಲ್ಲ.

ನನ್ನ ಸರ್ವೆ ಕೆಲಸ ಗೊತ್ತಲ್ಲ. ಮನೆಮನೆಗೆ ಹೋಗಿ ಯಾರ ಸಂಪಾದನೆ ಎಷ್ಟು ಅಂತ ಕೇಳಿ ಟ್ಯಾಬಿಗೆ ಹಾಕೋದು. ದೇಶದಲ್ಲಿ ಜನರ ಆದಾಯ ಇಷ್ಟಿದೆ ಅಂತ ಟಿವಿಯಲ್ಲಿ ದೊಡ್ಡವರು ಹೇಳ್ತಾರಲ್ಲ, ಅದು ನಮ್ಮಂಥವರು ಬಾಗಿಲು ತಟ್ಟಿ, ಬೈಸ್ಕೊಂಡು ತಂದಿದ್ದು. ಒಬ್ಬೊಬ್ಬರದೂ ಬೇರೆಬೇರೆ ಹಾಕ್ಬೇಕು. ಎಲ್ಲ ಕೂಡಿದ್ರೆ ಮನೆ ಆದಾಯ. ಅದನ್ನೇ ಆಮೇಲೆ ತಲೆಗಿಷ್ಟು ಅಂತ ಹಂಚ್ತಾರೆ, ಎಲ್ಲರಿಗೂ ಸಮ ಸಿಕ್ಕಿದೆ ಅಂದ್ಕೊಂಡು.

ಗುರುವಾರ ಒಂದು ಮನೆಗೆ ಹೋಗಿದ್ದೆ. ಗಂಡ ಬಸ್ ಮೆಕ್ಯಾನಿಕ್, ಬಲು ಮಾತುಗಾರ. ಸಂಬಳ, ಓವರ್‌ಟೈಮ್ ಎಲ್ಲ ಹೇಳ್ದ. ಹೆಂಡತಿದು ಎಷ್ಟು ಅಂದ್ರೆ ನಕ್ಕ. "ಇವಳದೆಂಥ ಸಂಪಾದನೆ ತಮ್ಮಾ, ಸೊನ್ನೆ ಹಾಕು. ಬೇಕಾದ್ರೆ ಎರಡು ಹಾಕು" ಅಂದ. ಅಷ್ಟರಲ್ಲಿ ಫೋನ್ ಬಂತು, ಹೊರಗೆ ಹೋದ. ಆ ಅಕ್ಕ ಊದಿದ ಕೆನ್ನೆ ಹಿಡ್ಕೊಂಡು ಬಂದು, ಪಿಸುದನಿಯಲ್ಲಿ, "ಅಕ್ಕಪಕ್ಕದ ಮಕ್ಕಳನ್ನ ನೋಡ್ಕೋತೀನಿ. ಪುಕ್ಕಟೆ ಅಂದ್ಕೊಂಡಿದಾರೆ ಇವರು, ದುಡ್ಡು ತಗೋತೀನಿ. ಬರ್ಕೊ. ಇವರ ಕಿವಿಗೆ ಮಾತ್ರ ಬೀಳಬಾರ್ದು" ಅಂದ್ಳು. ಹಲ್ಲು ಕೊಳೆತು ಪ್ರಾಣ ಹಿಂಡ್ತಿದೆಯಂತೆ. ಗಂಡನ್ನ ಕೇಳಿದಾಗೆಲ್ಲ ಬರೋ ತಿಂಗಳು ಅಂತಾನಂತೆ. ಅದಕ್ಕೇ ಕೂಡಿಡ್ತಿದಾಳೆ. ದುಡ್ಡಿದೆ ಅಂತ ಗೊತ್ತಾದ್ರೆ ಅದು ಸೀದಾ ಬೈಕಿನ ಕಂತಿಗೆ. ನಾನು ದೊಡ್ಡ ಮನುಷ್ಯನ ಥರ, ಗುಟ್ಟಾಗಿರತ್ತೆ ಬಿಡಿ ಅಂದು ಹಾಕ್ಕೊಂಡೆ.

ನಿನ್ನೆ ನೋಡ್ತೀನಿ, ಆ ಮನೆನೇ ಚೆಕಿಂಗ್ ಪಟ್ಟಿಯಲ್ಲಿದೆ! ಸೋಮವಾರ ಬೆಳಿಗ್ಗೆ ನಮ್ಮ ಸೂಪರ್‌ವೈಸರ್ ಮೇಡಂ ಫೋನ್ ಮಾಡಿ, ಬರೆದಿದ್ದನ್ನ ಒಂದೊಂದೇ ಓದಿ, ಸರಿನಾ ಅಂತ ಕೇಳ್ತಾರೆ. ಕೊಟ್ಟಿರೋ ನಂಬರ್ ಗಂಡಂದು. ಮೇಡಂ ಹತ್ರ ಓಡಿದ್ರೆ, "ಮನೆ ಆದಾಯ ಅಂದ್ರೆ ಒಂದೇ ಹಂಡೆ ಕಣೋ, ಯಾರು ಸುರಿದ್ರೇನು?" ಅಂದ್ರು. "ಸುರಿಯೋದಲ್ಲ ಮೇಡಂ, ಸೌಟು ಯಾರ ಕೈಲಿದೆ?" ಅಂದೆ. ಕನ್ನಡಕ ತೆಗೆದು ನನ್ನೇ ನೋಡಿದ್ರು. "ಹಾಗಾದ್ರೆ ಅವಳನ್ನ ಮಾತಾಡ್ಸೋ ನಂಬರ್ ತಾ. ಇಲ್ಲಾಂದ್ರೆ ಸೊನ್ನೆ ಮಾಡು" ಅಂದ್ರು. ಸೊನ್ನೆ ಒತ್ತೋಕೆ ಬೆರಳೂ ಹೋಯ್ತು ಅಕ್ಕಾ. ಆದ್ರೆ ಬರ್ಕೊ ಅನ್ನೋವಾಗ ಅವಳ ಮುಖ ಇತ್ತಲ್ಲ, ಅದು ಬಿಡ್ಲಿಲ್ಲ.

ಇವತ್ತು ಸಂಜೆ ಹೋದೆ. ಬಾಗಿಲು ತೆಗೆದಿದ್ದು ಗಂಡನೇ. ಅಡುಗೆಮನೆ ಖರ್ಚು ಕೇಳೋದಿದೆ, ಮನೆಯವರ ನಂಬರ್ ಬೇಕಿತ್ತು ಅಂತ ತೊದಲಿದೆ. "ನನ್ನದಿದೆಯಲ್ಲಯ್ಯಾ, ಬೇಳೆ ರೇಟು ನಂಗೊತ್ತಿಲ್ವಾ?" ಅಂದ. ಒಳಗಿಂದ ಅವಳು, "ಹೌದಾ, ಎಷ್ಟು ಹೇಳಿ ನೋಡೋಣ" ಅಂದ್ಳು. ಅವನು ತಲೆ ಕೆರ್ಕೊಂಡ. ಅಲ್ಲೇ ಕೂತಿದ್ದ ಅವರ ಮಗಳು ಕಿಸಕ್ಕಂದ್ಳು. "ಎದುರುಮನೆ ಅಜ್ಜಿ ನಂಬರ್ ಬರ್ಕೊಳಪ್ಪ, ಬೆಳಿಗ್ಗೆ ಅಲ್ಲೇ ಇರ್ತೀನಿ" ಅಂತ ಹೇಳಿ ಮುಗಿಸಿದ್ಳು. ಎಂಥ ಗಟ್ಟಿಗಿತ್ತಿ!

ನಂಬರ್ ಬದಲಾಯಿಸಿ ಮೇಡಂಗೆ ಮೆಸೇಜ್ ಹಾಕಿದೀನಿ, ಇನ್ನೂ ನೋಡಿಲ್ಲ. ಅವರು ಹಳೇ ನಂಬರಿಗೇ ಮಾಡಿಬಿಟ್ರೆ? ಅದೇ ತಲೆ ತಿಂತಿದೆ... ಇರು, ಇರು. ಬಂತು! "ಅಜ್ಜಿಗೇ ಮಾಡ್ತೀನಿ, ಬಿದ್ಕೋ ಹೋಗು" ಅಂತ ಹಾಕಿದಾರೆ. ಅಬ್ಬಾ, ಹೋದ ಜೀವ ಬಂತು.

ಅಮ್ಮಂಗೆ ಮಾತ್ರೆ ನೆನಪು ಮಾಡು. ಪುಟ್ಟಿಗೆ ಒಂದು ಮುತ್ತು, ನಿಂಗೆ ಹೊರೆ ಪ್ರೀತಿ.

ನಿನ್ನ ತರಲೆ ತಮ್ಮ

ತಡಿ, ಫೋನ್ ಇಡಬೇಡ. ಹೇಳೋಕೆ ಶುರು ಮಾಡಿದ್ದೇ ಇದನ್ನ. ನಿಂಗೆ ಅಂತ ನಾನು ಕಳಿಸೋದೆಲ್ಲ ಭಾವನ ಖಾತೆಗೆ ಹೋಗತ್ತೆ. ಬಂತಾ ಅಂದ್ರೆ ಪ್ರತಿ ಸಲ "ಬಂತು" ಅಂತೀಯ. ಮನೆಗೆ ಬಂತಾ, ನಿನ್ನ ಕೈಗೆ ಬಂತಾ? ಊರವರನ್ನೆಲ್ಲ ಕೇಳೋ ನಾನು ನಿನ್ನ ಕೇಳಿಲ್ಲ ನೋಡು. ಭಾವ ಕೆಟ್ಟವರಲ್ಲ, ಗೊತ್ತು. ಆದ್ರೂ ನಾಳೆ ಅವರು ಕರ್ಕೊಂಡು ಹೋಗೋಕೆ ಬರೋ ಮುಂಚೆ ಅಮ್ಮನ ಜೊತೆ ಬ್ಯಾಂಕಿಗೆ ಹೋಗಿ ನಿನ್ನ ಹೆಸರಲ್ಲೊಂದು ಖಾತೆ ತೆರಿ. ನಂಬರ್ ಇದೇ ಫೋನಿಂದ ಕಳ್ಸು. ಈ ತಿಂಗಳದ್ದು ಇನ್ನೂ ಹಾಕಿಲ್ಲ ನಾನು. ಕಾಯ್ತಿದೀನಿ.