ದೊಡ್ಡಕ್ಕನ ಗುಗ್ಗೆ ಕಡ್ಡಿ

ರಾಯದುರ್ಗ
13 ನವೆಂಬರ್ 2025, ಗುರುವಾರ

ಅಮ್ಮನಿಗೆ ಮಂಗಳಾ ಮಾಡುವ ನಮಸ್ಕಾರ.

ಇಲ್ಲಿ ನಾನೂ ನಿನ್ನ ಅಳಿಯನೂ ಊಟ ಮಾಡಿಕೊಂಡು, ಜಗಳ ಆಡಿಕೊಂಡು ಚೆನ್ನಾಗಿದ್ದೇವೆ. ಅಲ್ಲಿ ನೀನು, ತಮ್ಮ ರಾಮಾಂಜಿ, ನಿನ್ನ ಸೊಸೆ ಜ್ಯೋತಿ, ಮಗು, ಕುರಿಗಳು ಎಲ್ಲ ಸುಖವಾಗಿದ್ದೀರೆಂದು ತಿಳಿಯುತ್ತೇನೆ. ಕಡಲೆಕಾಯಿ ಕಿತ್ತು ಮುಗಿಯಿತಂತೆ, ಜ್ಯೋತಿ ಹೇಳಿದಳು. ನನಗೆ ಒಂದು ಚೀಲ ತೆಗೆದಿಟ್ಟಿದ್ದೀಯಂತೆ. ಸಂತೋಷ.

ಹತ್ತು ದಿನದಲ್ಲಿ ನೀನು ಹದಿನಾಲ್ಕು ಸಲ ಫೋನ್ ಮಾಡಿದ್ದೀಯ. ಮೊಬೈಲಿನಲ್ಲಿ ನಿನ್ನ ಹೆಸರು ಮಿನುಗುವುದನ್ನು ನೋಡುತ್ತಾ ಕೂತಿರುತ್ತಿದ್ದೆ, ಎತ್ತಲಿಲ್ಲ, ಅದಕ್ಕೆ ಬೇಜಾರು ಮಾಡಿಕೊಳ್ಳಬೇಡ. ಎತ್ತಿ ಏನು ಮಾಡಲಿ, ಕಿವಿಗೆ ಏನೂ ಬೀಳುತ್ತಿರಲಿಲ್ಲ. ನಿನ್ನ ಅಳಿಯ ಇದನ್ನೇ ಹೇಳಿದ್ದಕ್ಕೆ ನೀನು ಏನಂದೆ? "ಬಸ್ಸು ಹತ್ತಿಸಿ ಕಳ್ಸಪ್ಪ, ನಾನು ಒಂದು ಗಳಿಗೇಲಿ ತೆಗೀತೀನಿ" ಅಂದೆಯಂತೆ. ಅವರು ಅದನ್ನು ಚೀಟಿಯಲ್ಲಿ ಬರೆದು ತೋರಿಸಿದರು. ಓದಿ ನಕ್ಕೆ ಅಮ್ಮ. ಎರಡು ದಿನದ ಮೇಲೆ ಮೊದಲ ಸಲ ನಕ್ಕಿದ್ದು ಅದಕ್ಕೇ.

ಮೊನ್ನೆ ಮಂಗಳವಾರದಿಂದ ಮತ್ತೆ ಕೇಳಿಸುತ್ತಿದೆ. ಹಾಗಾದರೆ ಫೋನ್ ಮಾಡದೆ ಕಾಗದ ಯಾಕೆ ಅಂತ ಕೇಳುತ್ತೀಯ. ಫೋನಿನಲ್ಲಿ ನೀನು ಸ್ಪೀಕರ್ ಹಾಕುತ್ತೀಯ, ಜಗಲಿಯಲ್ಲಿ ಕೂತವರೆಲ್ಲ ಕೇಳುತ್ತಾರೆ, ನನ್ನ ಮಾತು ಅರ್ಧಕ್ಕೆ ಬರುವಷ್ಟರಲ್ಲಿ "ತಗಾ, ತಮ್ಮನ್ ಹತ್ರ ಮಾತಾಡು" ಅಂತ ದಾಟಿಸುತ್ತೀಯ. ಕಾಗದವನ್ನು ಹಾಗೆ ದಾಟಿಸುವುದಕ್ಕೆ ಆಗುವುದಿಲ್ಲ. ಅಂಚೆಗೆ ಹಾಕಿದರೆ ಭಾನುವಾರದೊಳಗೆ ಮುಟ್ಟುತ್ತದೋ ಇಲ್ಲವೋ ಅಂತ ನಿನ್ನ ಅಳಿಯನ ಕೈಯಲ್ಲೇ ಕಳಿಸುತ್ತಿದ್ದೇನೆ. ನಾಳೆ ಬೆಳಗಿನ ಬಸ್ಸಿಗೆ ಹೊರಟು ಮಡಕಶಿರಾದಲ್ಲಿ ಇಳಿದು, ಗುಡಿಬಂಡೆ ಆಟೋ ಹಿಡಿದು ಬರುತ್ತಾರೆ. ಎಂದಿನಂತೆ ಜ್ಯೋತಿಯೇ ಓದಿ ಹೇಳುತ್ತಾಳೆಂದು ಗೊತ್ತು. ಓದು ಜ್ಯೋತಿ, ಗಟ್ಟಿಯಾಗಿ ಓದು. ಇದರಲ್ಲಿ ಅರ್ಧ ನಿನಗೂ ಸೇರಿದ್ದು.

ಆದದ್ದು ಇಷ್ಟು. ನಮ್ಮ ಜೀನ್ಸ್ ಯೂನಿಟ್ಟಿನಲ್ಲಿ ನನ್ನ ಮಿಷನ್ನು ಎಲ್ಲಿದೆ ಅಂತ ನಿನಗೆ ಯಾವತ್ತೂ ಹೇಳಿರಲಿಲ್ಲ. ಜನರೇಟರ್ ಗೋಡೆಯ ಪಕ್ಕ. ಅಲ್ಲಿ ಯಾರೂ ಒಂದು ವಾರ ನಿಲ್ಲುವುದಿಲ್ಲ, ತಲೆ ಸಿಡಿಯುತ್ತದೆ. ಸೇರಿದ ದಿನವೇ ಸೂಪರ್‌ವೈಸರ್ ನನ್ನ ಎಡಗಿವಿ ಕೇಳಿಸದ ವಿಷಯ ತಿಳಿದು, "ಅಮ್ಮಾ, ನಿಮಗಾದ್ರ ಅರ್ಧ ಗದ್ದಲ ಉಳಿತೈತಿ, ಎಡಕ್ಕ ಗೋಡಿ ಮಾಡಿ ಕುಂದರ್ರಿ" ಅಂದ. ಒಂಬತ್ತು ವರ್ಷದಿಂದ ಅಲ್ಲೇ ಇದ್ದೇನೆ. ನನ್ನ ಕೆಟ್ಟ ಕಿವಿಗೆ ಈ ಲೋಕದಲ್ಲಿ ಒಂದು ಉದ್ಯೋಗ ಸಿಕ್ಕಿದೆ ನೋಡು.

ಜೀನ್ಸ್ ಬಟ್ಟೆಯ ನೀಲಿ ನವಿರು ಮೂಗಿಗೆ, ಕಣ್ಣಿನ ರೆಪ್ಪೆಗೆ, ಕಿವಿಗೆ ಎಲ್ಲ ಕಡೆ ಹೋಗುತ್ತದೆ. ಬಲಗಿವಿ ಕಡಿಯುತ್ತಿತ್ತು. ಕಡ್ಡಿ ಅಂದರೆ ನನಗೆ ಹೆದರಿಕೆ, ಅದಕ್ಕೆ ಅಂಗಡಿಯ ಹತ್ತಿಕಡ್ಡಿ ತಂದೆ. ಪ್ಯಾಕೆಟ್ಟಿನ ಮೇಲೆ ಮಗು ನಗುತ್ತಿರುವ ಚಿತ್ರ ಇತ್ತು, ನಂಬಿದೆ. ದಿನಾ ರಾತ್ರಿ ಊಟ ಆದ ಮೇಲೆ ತಿರುಗಿಸುತ್ತಿದ್ದೆ, ತುದಿಗೆ ಚೂರು ನೀಲಿ ಹತ್ತಿದರೆ ಏನೋ ಸಾಧಿಸಿದ ಹಾಗೆ ಖುಷಿ. ಒಳಗೆ ಏನು ಮಾಡುತ್ತಿದ್ದೆನೆಂದು ಡಾಕ್ಟರಮ್ಮ ಆಮೇಲೆ ಹೇಳಿದರು: ಚೀಲಕ್ಕೆ ಒನಕೆಯಿಂದ ಹೊಟ್ಟು ತುಂಬಿದ ಹಾಗೆ, ಆರು ವರ್ಷದಿಂದ ಗುಗ್ಗೆಯನ್ನು ಒಳಕ್ಕೆ ಜಡಿಯುತ್ತಿದ್ದೆ.

ಈ ತಿಂಗಳ ಎರಡನೇ ತಾರೀಕು ಭಾನುವಾರ ತಲೆಗೆ ನೀರು ಹಾಕಿಕೊಂಡೆ. ಒಳಗಿದ್ದದ್ದು ನೀರು ಕುಡಿದು ಊದಿಕೊಂಡಿತು. ಬಚ್ಚಲಿನಿಂದ ಹೊರಗೆ ಬಂದರೆ ಸದ್ದೇ ಇಲ್ಲ. ನಿನ್ನ ಅಳಿಯನ ಬಾಯಿ ಆಡುತ್ತಿದೆ, ಮಾತಿಲ್ಲ. ಅಮ್ಮ, ಅರ್ಧ ಲೋಕ ಇಲ್ಲದೆ ಬದುಕುವುದು ನನಗೆ ರೂಢಿಯಾಗಿತ್ತು. ಉಳಿದರ್ಧವೂ ಹೋಯಿತು ಅಂದಾಗ ಬಾಗಿಲ ಹತ್ತಿರವೇ ಕುಸಿದು ಕೂತೆ. ಜೋರಾಗಿ ಅತ್ತೆನಂತೆ. ಅದೂ ನನಗೆ ಕೇಳಿಸಲಿಲ್ಲ.

ಆಮೇಲೆ ಶುರುವಾಯಿತು ವೈದ್ಯ. ನಿನ್ನ ಅಳಿಯ ಬೆಳ್ಳುಳ್ಳಿ ಹಾಕಿ ಎಣ್ಣೆ ಕಾಯಿಸಿ ತಂದರು. ಬೆಳ್ಳುಳ್ಳಿ ಕಪ್ಪಾಗಿತ್ತು, ಎಣ್ಣೆ ಹೊಗೆಯಾಡುತ್ತಿತ್ತು, ಬಜ್ಜಿ ಬಿಡಬಹುದಿತ್ತು. ಬೇಡ ಅಂದೆ. ಬೈಕಿನ ಕೀಲಿ ತೆಗೆದರು. ಕೀಲಿ ಕಿತ್ತುಕೊಂಡು ರವಿಕೆಯೊಳಗೆ ಇಟ್ಟುಕೊಂಡೆ. ಮಾರನೇ ದಿನ ಯೂನಿಟ್ಟಿನಲ್ಲಿ ಪಕ್ಕದ ಮಿಷನ್ನಿನ ಉಷಾರಾಣಿ ಮೊಬೈಲಿನಲ್ಲಿ ಒಂದು ವಿಡಿಯೋ ತೋರಿಸಿದಳು, ಕಿವಿಗೆ ಮೇಣದ ಕೊಳವೆ ಚುಚ್ಚಿ ತುದಿಗೆ ಬೆಂಕಿ ಹಚ್ಚಿದರೆ ಗುಗ್ಗೆಯೆಲ್ಲ ಎಳೆದು ಬರುತ್ತದಂತೆ. ಕಿವಿಗೆ ಬೆಂಕಿ ಇಡುವುದೊಂದು ಬಾಕಿ ಇತ್ತು! ಕೊನೆಗೆ ಆ ಸಂಜೆ ಬಸ್ ಸ್ಟ್ಯಾಂಡಿನ ಹತ್ತಿರ ಹಿಂದಿನಿಂದ ಲಾರಿ ಬಂದದ್ದು ನನಗೆ ತಿಳಿಯದೆ, ನಿನ್ನ ಅಳಿಯ ಸೆರಗು ಹಿಡಿದು ಎಳೆದುಕೊಂಡರು. ಅವರ ಮುಖ ಬಿಳಿಚಿಕೊಂಡಿತ್ತು. ಬುಧವಾರ ಬಳ್ಳಾರಿಗೆ ಕರೆದುಕೊಂಡು ಹೋದರು. ದಾರಿಯುದ್ದಕ್ಕೂ ಕೈ ಬಿಡಲಿಲ್ಲ.

ಕಿವಿ ಡಾಕ್ಟರಮ್ಮ ದೀಪ ಹಾಕಿ ನೋಡಿ, ಎಲ್ಲ ಚೀಟಿಯಲ್ಲಿ ಬರೆದು ತಿಳಿಸಿದರು. ಗುಗ್ಗೆ ಕಲ್ಲಾಗಿದೆ, ಈಗಲೇ ತೆಗೆಯುವ ಹಾಗಿಲ್ಲ, ಮೊದಲು ನೆನೆಯಬೇಕು. ಐದು ದಿನ, ದಿನಕ್ಕೆ ಎರಡು ಸಲ, ಎಡಕ್ಕೆ ಮಲಗಿ ಬಲಗಿವಿಗೆ ಮೂರು ಹನಿ ಔಷಧಿ, ಐದು ನಿಮಿಷ ಹಾಗೇ ಇರುವುದು. ಬಾಟಲಿಯನ್ನು ಅಂಗೈಯಲ್ಲಿ ಹಿಡಿದು ಮೈಬಿಸಿಗೆ ತಂದರೆ ಸಾಕು, ಒಲೆಗೆ ತೋರಿಸಬಾರದು. ಎಡಗಿವಿಗೆ ಒಂದು ಹನಿಯೂ ಕೂಡದು, ಅಲ್ಲಿ ತಮಟೆಗೆ ತೂತಿದೆ, ತೂತಿರುವ ಕಿವಿಗೆ ಎಣ್ಣೆಯೂ ನೀರೂ ವಿಷ. ಇದನ್ನು ಅವರು ದೊಡ್ಡ ಅಕ್ಷರದಲ್ಲಿ ಬರೆದು ಕೆಳಗೆ ಎರಡು ಗೀಟು ಎಳೆದರು.

ಮಂಗಳವಾರ ಮತ್ತೆ ಹೋದೆವು. ನನಗಿರುವುದು ಒಂದೇ ಕಿವಿಯಾದ್ದರಿಂದ ನೀರು ಹೊಡೆಯದೆ, ಸಣ್ಣ ನಳಿಕೆಯಿಂದ ನೋಡಿ ನೋಡಿ ಎಳೆದರು. ಹುಣಸೆಬೀಜದಷ್ಟು ದಪ್ಪದ್ದು ಬಂತು ಅಮ್ಮ, ಕಡುನೀಲಿ ಬಣ್ಣದ್ದು. ಅದು ಬಂದದ್ದೇ ತಡ, ಫ್ಯಾನಿನ ಸದ್ದು, ಹೊರಗೆ ಯಾರದೋ ಕೆಮ್ಮು, ತಟ್ಟೆಯ ಮೇಲೆ ಚಿಮಟ ಇಟ್ಟದ್ದು, ಎಲ್ಲ ಒಟ್ಟಿಗೆ ನುಗ್ಗಿತು. ಡಾಕ್ಟರಮ್ಮ ಎಡಗಿವಿ ತೋರಿಸಿ, "ಇದಕ್ಕೆ ಚಿಕ್ಕವಳಿದ್ದಾಗ ಯಾರಾದ್ರೂ ಕಡ್ಡಿ ಹಾಕಿದ್ರೇನಮ್ಮಾ?" ಅಂದರು. ನಾನು ಚಿಕ್ಕಂದಿನಿಂದ ಹೇಳಿಕೊಂಡು ಬಂದದ್ದನ್ನೇ ಹೇಳಿದೆ: "ಏಳು ವರ್ಷದವಳಿದ್ದೆ, ಅಮ್ಮ ಹಾಕ್ತಿದ್ಲು, ನಾನು ಅಲ್ಲಾಡಿಬಿಟ್ಟೆ." ತೆರೆದ ಕಿವಿಗೆ ಬಿದ್ದ ನನ್ನ ಮೊದಲ ಮಾತು ಅದು. ಹೊಸದಾಗಿ ಕೇಳಿದ ಹಾಗಾಯಿತು. ಅದರ ವಿಷಯ ಕೊನೆಯಲ್ಲಿ ಬರೆಯುತ್ತೇನೆ.

ಅವರು ನಕ್ಕು, "ಏಳು ವರ್ಷದ ಕೂಸು ಅಲ್ಲಾಡದೆ ಇನ್ನೇನ್ ಮಾಡ್ತದಮ್ಮಾ" ಅಂದರು. ಗುಗ್ಗೆ ಕೊಳೆಯಲ್ಲವಂತೆ, ಕಿವಿ ತನ್ನ ಕಾವಲಿಗೆ ತಾನೇ ಮಾಡಿಕೊಳ್ಳುವುದಂತೆ. ನಾವು ಅಗಿಯುವಾಗ, ಮಾತಾಡುವಾಗ ತಾನಾಗಿ ಹೊರಕ್ಕೆ ಬರುತ್ತದಂತೆ. ಹೊರಗೆ ಬಂದದ್ದನ್ನು ಒದ್ದೆ ಬಟ್ಟೆಯಿಂದ ಒರೆಸಿದರೆ ಮುಗಿಯಿತು. ಹಾಗೆ ನೋಡಿದರೆ ನೀನು ನಲವತ್ತು ವರ್ಷ ಊರಿನವರ ಕಿವಿಯಲ್ಲಿ ಮಾಡಿದ್ದೆಲ್ಲ ಬೇಡದ ಕೆಲಸ.

ಈಗ ಕೋಪ ಬಂತು ನಿನಗೆ, ನನಗೆ ಕಾಣುತ್ತಿದೆ. "ನೂರಾರು ಕಿವಿ ತೆಗ್ದೀನಿ, ದೊಡ್ಡಕ್ಕನ ಕೈಗುಣ ಅಂದ್ರೆ ಊರಿಗೇ ಗೊತ್ತು" ಅನ್ನುತ್ತೀಯ. ಗೊತ್ತು ಬಿಡು. ಸೊಂಟದ ಬೀಗದಕೈ ಗೊಂಚಲಿನಲ್ಲಿ ಆ ಹಿತ್ತಾಳೆ ಕಡ್ಡಿ, ತುದಿ ಚಪ್ಪಟೆ ಬಡಿದದ್ದು. ಅದು ಕುರಿಮರಿಗಳ ಕಿವಿಯಿಂದ ಉಣ್ಣಿ ಹುಳ ತೆಗೆಯುವುದಕ್ಕೆ ಅಪ್ಪ ಮಾಡಿಸಿಕೊಟ್ಟದ್ದು. ಮರಿಯ ತಲೆಯನ್ನು ಮೊಣಕಾಲ ಸಂದಿನಲ್ಲಿ ಒತ್ತಿ ಹಿಡಿದು ತೆಗೆಯುತ್ತಿದ್ದೆ. ನಮ್ಮನ್ನೂ ಹಾಗೇ ಒತ್ತಿ, ಸೆರಗಿಗೆ ಒರೆಸಿ ಅದೇ ಕಡ್ಡಿ ಹಾಕುತ್ತಿದ್ದೆ. ಮರಿಗಳಿಗೆ ಏನಾಯಿತೆಂದು ಮರಿಗಳು ಯಾರಿಗೆ ಹೇಳಬೇಕು? ನಿನ್ನ ಕಡ್ಡಿಗೆ ಕಿವಿ ಕೊಡುತ್ತಿದ್ದ ಪಾಪಣ್ಣ ಮಾವ ಈಗ ಏನು ಕೇಳಿದರೂ "ಆಂ?" ಅನ್ನುತ್ತಾನಲ್ಲ, ಅವನದು ವಯಸ್ಸು ಅನ್ನುತ್ತೀಯ. ಇರಬಹುದು.

ನನಗೆ ಹೆಚ್ಚು ಉರಿಯುವುದು ಕಿವಿ ಹೋದದ್ದಕ್ಕಲ್ಲ. ಆ ಮೇಲೂ ನೀನು ಕಡ್ಡಿ ಬಿಡಲಿಲ್ಲ, ನನ್ನನ್ನೇ ಆ ಕೆಲಸಕ್ಕೆ ಬಳಸಿಕೊಂಡೆ. ಬೇರೆಯವರ ಮಕ್ಕಳು ಹೆದರಿ ಕೊಸರಾಡಿದರೆ, "ಅಲ್ಲಾಡ್‌ಬ್ಯಾಡ ಕಣೋ, ನಮ್ಮ ಮಂಗ್ಳಿ ಅಲ್ಲಾಡಿ ಕಿವಿ ಕಳ್ಕಂಡ್ಲು ನೋಡು" ಅಂತ ನನ್ನ ಕಡೆ ಬೆರಳು ತೋರಿಸುತ್ತಿದ್ದೆ. ಆ ಮಕ್ಕಳು ನನ್ನನ್ನು ನೋಡಿ ಕಲ್ಲಾಗುತ್ತಿದ್ದವು. ನಾನು ಒರಳುಕಲ್ಲಿನ ಹತ್ತಿರ ನಿಂತು ತಲೆ ತಗ್ಗಿಸುತ್ತಿದ್ದೆ. ಹೆಣ್ಣು ನೋಡಲು ಬಂದಾಗ ನನ್ನ ಬಲಮಗ್ಗುಲು ಅವರ ಕಡೆ ಬರುವ ಹಾಗೆ ಚಾಪೆ ಹಾಕಿದವಳೂ ನೀನೇ. ಮದುವೆಯಾದ ಮೂರನೇ ದಿನ ಇವರು ಎಡಗಡೆ ಮಲಗಿ ಏನೇನೋ ಮಾತಾಡಿ, ಉತ್ತರ ಬರದೆ, "ಯಾಕ, ನಾನು ಸೇರಿಲ್ಲೇನು ನಿನಗ?" ಅಂದರಂತೆ. ಅದನ್ನೂ ಅವರು ಆಮೇಲೆ ಬಲಗಡೆ ಬಂದು ಹೇಳಬೇಕಾಯಿತು.

ನಿನ್ನೆ ಜ್ಯೋತಿ ನಿನ್ನ ಅಳಿಯನಿಗೆ ಫೋನ್ ಮಾಡಿ, "ಮಗು ಕಿವಿ ಕೆರ್ಕಂತೈತೆ, ಅತ್ತೆ ಭಾನುವಾರ ಎಣ್ಣೆ ನೀರು ಹಾಕಿ ಕಡ್ಡಿ ಹಾಕ್ತಾರಂತೆ, ಅತ್ತಿಗೇನ ಒಂದು ಮಾತು ಕೇಳಿ ಅಣ್ಣಾ" ಅಂದಳು. ಐದು ತಿಂಗಳ ಕೂಸು ಅಮ್ಮ. ಕಿವಿಯ ತೂತು ಒಂದು ರಾಗಿಕಾಳಿಗೂ ಇಕ್ಕಟ್ಟು. ಜ್ಯೋತಿ, ನೀನು ಕೇಳಿದ ಒಂದು ಮಾತು ಇದು: ಕಡ್ಡಿ ಬೇಡ, ಹತ್ತಿಕಡ್ಡಿ ಬೇಡ, ಎಣ್ಣೆ ಬಿಡಬೇಡ. ಮಕ್ಕಳು ಸುಮ್ಮನೆಯೂ ಕಿವಿ ಕೆರೆದುಕೊಳ್ಳುತ್ತವಂತೆ. ಜ್ವರ ಬಂದರೆ, ಕೀವು ಸೋರಿದರೆ, ಹಾಲು ಕುಡಿಯುವಾಗ ಚೀರಿದರೆ ಡಾಕ್ಟರ ಹತ್ತಿರ ಎತ್ತಿಕೊಂಡು ಓಡು. ಅತ್ತೆ ಬೈದರೆ ಬೈಸಿಕೋ. ಅತ್ತೆಯ ಬೈಗುಳಕ್ಕೆ ಮಗುವಿನ ಕಿವಿ ತೂತಾಗುವುದಿಲ್ಲ.

ಅಮ್ಮ, ನಿನ್ನ ಅಳಿಯ ಬರುತ್ತಿರುವುದು ಕಡಲೆಕಾಯಿ ಚೀಲಕ್ಕಲ್ಲ, ಆ ಕಡ್ಡಿಗೆ. ಗೊಂಚಲಿನಿಂದ ಬಿಚ್ಚಿ ಅವರ ಕೈಗೆ ಕೊಡು. ಕೊಡುವ ತನಕ ನಿನ್ನ ಮನೆಯಲ್ಲಿ ನೀರೂ ಮುಟ್ಟಬೇಡಿ ಅಂತ ಹೇಳಿ ಕಳಿಸಿದ್ದೇನೆ. ಅವರು ಹಟಮಾರಿ, ನಿನಗೆ ಗೊತ್ತು.

ನಿನ್ನ ತೊಡೆಯನ್ನು ಮಾತ್ರ ನಾನು ಕೇಳುತ್ತಿಲ್ಲ. ಒಂದು ಮಾತು ಒಪ್ಪಿಕೊಳ್ಳುತ್ತೇನೆ: ಊರ ಮಕ್ಕಳೆಲ್ಲ ನಿನ್ನ ಹತ್ತಿರ ಬರುತ್ತಿದ್ದದ್ದು ಕಿವಿಗಲ್ಲ, ಆ ತೊಡೆಗೆ. ಕುರಿಗಳ ಹಿಂದೆ, ಹೊಲದ ಹಿಂದೆ ಓಡುತ್ತಿದ್ದ ನೀನು ನನ್ನನ್ನು ಮುಟ್ಟುತ್ತಿದ್ದದ್ದು ವಾರಕ್ಕೆ ಆ ಒಂದು ಗಳಿಗೆ. ಕಂಬಳಿಯ ವಾಸನೆ, ಕೊಬ್ಬರಿ ಎಣ್ಣೆಯ ವಾಸನೆ, ಕಿವಿಯ ಹಿಂದೆ ನಿನ್ನ ಒರಟು ಬೆರಳು. ನಿದ್ದೆ ಬಂದುಬಿಡುತ್ತಿತ್ತು. ಮಗುವನ್ನು ಭಾನುವಾರ ಮಲಗಿಸಿಕೋ, ತಲೆ ಸವರು, ಕಿವಿಯ ಹಿಂದೆ ಎಷ್ಟು ಬೇಕಾದರೂ ಉಜ್ಜು. ಕೈಯಲ್ಲಿ ಏನೂ ಇಟ್ಟುಕೊಳ್ಳಬೇಡ.

ಮಗುವಿಗೆ ಈ ಅತ್ತೆಯ ಮುತ್ತು. ನೂರು ವರ್ಷ ಬಾಳಲಿ, ಸಣ್ಣ ಸದ್ದನ್ನೂ ಬಿಡದೆ ಕೇಳಿಸಿಕೊಂಡು ಬಾಳಲಿ. ರಾಮಾಂಜಿಗೆ, ಜ್ಯೋತಿಗೆ ಆಶೀರ್ವಾದ. ನಿನ್ನ ಮೊಣಕಾಲು ನೋವಿಗೆ ಮುಲಾಮು ಕಳಿಸಿದ್ದೇನೆ, ಹಚ್ಚಿಕೋ.

ನಿನ್ನ ಮಗಳು,
ಮಂಗಳಾ

ತಾ.ಕ.: ಜ್ಯೋತಿ, ಇಲ್ಲಿಗೆ ನಿಲ್ಲಿಸು. ಹಾಳೆ ಅತ್ತೆಯ ಕೈಗೆ ಕೊಟ್ಟು ಒಳಗೆ ಹೋಗು. ಅವಳು ನಾಲ್ಕನೇ ಕ್ಲಾಸು ಮಾಡಿದ್ದಾಳೆ, ಕೂಡಿಸಿಕೊಂಡು ಓದುತ್ತಾಳೆ.

ಅಮ್ಮ, ಸಣ್ಣ ಸಣ್ಣ ಮಾತಿನಲ್ಲಿ ಬರೆಯುತ್ತೇನೆ. ಆವತ್ತು ಮಧ್ಯಾಹ್ನ ನನ್ನ ತಲೆ ನಿನ್ನ ತೊಡೆಯ ಮೇಲಿತ್ತು. ಕಡ್ಡಿ ಕಿವಿಯಲ್ಲಿತ್ತು. ನಾನು ಉಸಿರು ಹಿಡಿದಿದ್ದೆ. ಒಳಗೆ ಜೋಲಿಯಲ್ಲಿ ರಾಮಾಂಜಿ ಅತ್ತ. ಅವನು ಬಿದ್ದಿರಲಿಲ್ಲ. ಹಸಿವಿಗೆ ಅತ್ತ, ಅಷ್ಟೆ. ನೀನು ದಡಕ್ಕನೆ ಎದ್ದೆ. ಕಡ್ಡಿ ತೆಗೆಯುವುದಕ್ಕೆ ಮೊದಲೇ ಎದ್ದೆ. ನಾನು ನೆಲಕ್ಕೆ ಬಿದ್ದೆ.

ಇದನ್ನು ರಾಮಾಂಜಿಗೆ ಹೇಳಬೇಡ. ಅವನ ತಪ್ಪಿಲ್ಲ.

ನೀನು ಅವನಿಗೆ ಹಾಲು ಕೊಡುತ್ತಾ ಹೊರಗೆ ಬಂದೆ. ನನ್ನ ಕತ್ತಿನ ಮೇಲೆ ರಕ್ತ ನೋಡಿದೆ. "ಯಾಕೇ ಅಲ್ಲಾಡಿದೆ?" ಅಂದೆ. ನಾನು "ತಪ್ಪಾಯ್ತಮ್ಮ, ಇನ್ನೊಂದ್‌ಸಲ ಅಲ್ಲಾಡಾಕಿಲ್ಲ" ಅಂದೆ. ಇಪ್ಪತ್ತೊಂಬತ್ತು ವರ್ಷ ಅದನ್ನೇ ಹೇಳಿದೆ.

ನಾನು ಅಲ್ಲಾಡಿರಲಿಲ್ಲ ಅಮ್ಮ.